ಬಿಳಿ ದೀಪ, ಹಸಿರು ದೀಪ, ಒಣಗಿದ ಗ್ರೀಸು

(ವಿದ್ಯುತ್ ಗುತ್ತಿಗೆದಾರರು, ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯಿಸಿದವರು "ಇವರು ಮೂವತ್ತು ವರ್ಷ ಬ್ರೇಕರ್‌ಗಳ ಜೊತೆ ಸಂಸಾರ ಮಾಡಿದವರು" ಎಂದರು. ಸಂಸಾರ ಮಾಡಿದ್ದು ನಿಜ. ಬ್ರೇಕರ್ ಎಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ತೆರೆದುಕೊಂಡು, ನಮ್ಮ ಮಾತಿನಲ್ಲಿ ಬಿದ್ದು, ಅದನ್ನು ಕಡಿಯುವ ಸ್ವಿಚ್ಚು. ಆದರೆ ಅಷ್ಟು ವರ್ಷಗಳಲ್ಲಿ ದೊಡ್ಡ ಬ್ರೇಕರ್ ಒಂದು ನಿಜವಾದ ಶಾರ್ಟ್ ಸರ್ಕ್ಯೂಟ್‌ಗೆ ನನ್ನ ಕಣ್ಣೆದುರೇ ಬಿದ್ದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಉಳಿದ ಕಾಲವೆಲ್ಲ ಅವು ಸುಮ್ಮನಿದ್ದವು, ನಾನು ಅವುಗಳ ಮುಂದೆ ನಿಂತು ರಿಜಿಸ್ಟರ್ ಬರೆಯುತ್ತಿದ್ದೆ.

ಈ ಸುಮ್ಮನಿರುವಿಕೆಯೇ ನನ್ನ ಇವತ್ತಿನ ವಿಷಯ. ಮೋಟರ್ ಕೆಟ್ಟರೆ ನಿಲ್ಲುತ್ತದೆ, ದೀಪ ಕೆಟ್ಟರೆ ಆರುತ್ತದೆ, ಪಂಪ್ ಕೆಟ್ಟರೆ ನೀರು ಬರುವುದಿಲ್ಲ. ಬ್ರೇಕರ್ ಕೆಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕರೆಂಟ್ ಹರಿಯುತ್ತಲೇ ಇರುತ್ತದೆ, ಮಿಲ್ಲು ಓಡುತ್ತಲೇ ಇರುತ್ತದೆ. ಚೆನ್ನಾಗಿರುವ ಬ್ರೇಕರ್‌ನ ಮೌನಕ್ಕೂ ಸತ್ತ ಬ್ರೇಕರ್‌ನ ಮೌನಕ್ಕೂ ಹೊರಗಿನಿಂದ ವ್ಯತ್ಯಾಸವಿಲ್ಲ. ವ್ಯತ್ಯಾಸ ಗೊತ್ತಾಗುವುದು ಕೇಬಲ್ ಸುಡುವ ದಿನ. ಆ ದಿನಕ್ಕಿಂತ ಮೊದಲೇ ಎರಡು ಮೌನಗಳನ್ನು ಬೇರೆ ಮಾಡಿ ತೋರಿಸುವುದು ಹೇಗೆ ಎಂಬುದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿಗೆ ಸ್ವಯಂ ನಿಗಾ ಎಂದು ಹೆಸರು. ಬ್ರೇಕರ್ ತನ್ನ ಮೈಯನ್ನು ತಾನೇ ಮುಟ್ಟಿ ನೋಡಿಕೊಳ್ಳುವುದು. ಎಲ್ಲಿಯವರೆಗೆ ಅದರ ಕೈ ಮುಟ್ಟುತ್ತದೆ, ಎಲ್ಲಿ ಮುಟ್ಟುವುದಿಲ್ಲ ಎಂದು ಹೇಳಲು ಪ್ರಯತ್ನಿಸುತ್ತೇನೆ.

ಎಲೆಕ್ಟ್ರಾನಿಕ್ಸ್ ಬರುವುದಕ್ಕೆ ಮೊದಲೇ ಈ ಕೆಲಸ ಶುರುವಾಗಿತ್ತು. ಹಳೆಯ ಸಬ್‌ಸ್ಟೇಷನ್ನಿನ ಕಂಟ್ರೋಲ್ ಪ್ಯಾನೆಲ್ ನೋಡಿದವರಿಗೆ ಅದರ ಮೇಲಿನ ದೀಪಗಳು ನೆನಪಿರುತ್ತವೆ. ಬ್ರೇಕರ್ ಆನ್ ಇದ್ದರೆ ಕೆಂಪು, ಆಫ್ ಇದ್ದರೆ ಹಸಿರು, ತಾನಾಗಿ ಬಿದ್ದರೆ ಹಳದಿ, ಸ್ಪ್ರಿಂಗ್ ಬಿಗಿದಿದ್ದರೆ ನೀಲಿ. ಇವುಗಳ ಜೊತೆ ಒಂದು ಬಿಳಿ ದೀಪ. ಕೆಳಗೆ "ಟ್ರಿಪ್ ಸರ್ಕ್ಯೂಟ್ ಹೆಲ್ದಿ" ಎಂಬ ಫಲಕ, ಪಕ್ಕದಲ್ಲಿ ಒಂದು ಗುಂಡಿ. ಗುಂಡಿ ಒತ್ತಿದರೆ ಬ್ಯಾಟರಿಯ ಡಿಸಿ ಆ ದೀಪದ ಮೂಲಕ, ಬ್ರೇಕರನ್ನು ಬೀಳಿಸುವ ಸುರುಳಿಯಾದ ಟ್ರಿಪ್ ಕಾಯಿಲ್‌ನ ಮೂಲಕ ಸಣ್ಣಗೆ ಹರಿದು ದೀಪ ಹೊತ್ತುತ್ತದೆ. ಹೊತ್ತಿದರೆ ಬ್ಯಾಟರಿ ಇದೆ, ಫ್ಯೂಸ್ ಇದೆ, ತಂತಿ ತುಂಡಾಗಿಲ್ಲ, ಕಾಯಿಲ್ ಸುಟ್ಟಿಲ್ಲ ಎಂದರ್ಥ. ಪಾಳಿ ಬದಲಾದಾಗ ಆಪರೇಟರ್ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಗುಂಡಿ ಒತ್ತುತ್ತಾ ಹೋಗಿ "ಟಿ.ಸಿ. ಸರಿ ಇದೆ" ಎಂದು ಬರೆಯಬೇಕು. ಚಳಿಗಾಲದ ರಾತ್ರಿ ಪಾಳಿಯಲ್ಲಿ ಕುರ್ಚಿಯಿಂದ ಏಳದೆ ಬರೆದವರೂ ಇದ್ದಾರೆ. ಹೆಸರು ಹೇಳುವುದಿಲ್ಲ, ಅದರಲ್ಲಿ ನಾನೂ ಒಬ್ಬ.

ಈ ಬಿಳಿ ದೀಪದಲ್ಲಿ ಒಂದು ಸೂಕ್ಷ್ಮವಿದೆ. ದೀಪದ ಜೊತೆ ಸಾಲಾಗಿ ಒಂದು ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಬಲ್ಬಿನೊಳಗೆ ತಂತಿ ಮುರಿದು ಒಂದಕ್ಕೊಂದು ಅಂಟಿಕೊಂಡ ದಿನ ಗುಂಡಿ ಒತ್ತಿದರೆ ಪೂರ್ತಿ ಕರೆಂಟ್ ಕಾಯಿಲ್‌ಗೆ ನುಗ್ಗಿ, ಚೆನ್ನಾಗಿ ಓಡುತ್ತಿದ್ದ ಫೀಡರ್ (ವಿದ್ಯುತ್ ಸಾಗಿಸುವ ಲೈನ್) ಬೀಳುತ್ತದೆ. ಅಂದರೆ ಆರೋಗ್ಯ ಕೇಳಲು ಹೋದವನೇ ರೋಗಿಯನ್ನು ಕೆಡವಿದಂತೆ. ಹಾಗಾಗಿ ಕೇಳುವ ಕರೆಂಟ್ ಕಾಯಿಲ್ ಅಲುಗಾಡದಷ್ಟು ಸಣ್ಣದಿರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅಲುಗಾಡಿಸದೆ ಕೇಳಿದ ಪ್ರಶ್ನೆಗೆ ಬರುವ ಉತ್ತರ ತಂತಿಯದು. ಕಾಯಿಲ್‌ನೊಳಗಿನ ಕಡ್ಡಿ ಅಲುಗಾಡುತ್ತದೆಯೇ ಎಂಬುದು ಆ ಉತ್ತರದಲ್ಲಿ ಇಲ್ಲ.

ಇನ್ನು ನಿಮ್ಮ ಮನೆಗಳಲ್ಲಿರುವ ಪುಟ್ಟ ಬ್ರೇಕರ್, ಎಂಸಿಬಿ. 1924ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹ್ಯೂಗೋ ಸ್ಟೋಟ್ಜ್ ಅವರ ಕಾರ್ಖಾನೆಯಿಂದ ಬಂದ ಕಲ್ಪನೆ. ಎರಡು ಲೋಹಗಳನ್ನು ಬೆಸೆದ ಪಟ್ಟಿ ಓವರ್‌ಲೋಡ್‌ಗೆ ಕಾದು ಬಾಗುತ್ತದೆ, ಶಾರ್ಟ್ ಆದರೆ ಒಂದು ಕಾಯಿಲ್ ಲ್ಯಾಚನ್ನು, ಅಂದರೆ ಬ್ರೇಕರನ್ನು ಹಿಡಿದಿಟ್ಟ ಕೊಂಡಿಯನ್ನು, ಎಳೆಯುತ್ತದೆ. ಇಲ್ಲಿ ತಲೆ ಎಂಬುದೇ ಇಲ್ಲ. ಅಳೆಯುವುದೂ ನಿರ್ಧರಿಸುವುದೂ ಹೊಡೆಯುವುದೂ ಒಂದೇ ತುಂಡು ಲೋಹ. ತಲೆ ಇಲ್ಲದವನಿಗೆ ತಲೆ ಕೆಡುವ ಭಯವಿಲ್ಲ.

ದೊಡ್ಡ ಬ್ರೇಕರ್‌ಗಳಿಗೆ, ಅಂದರೆ 800, 1600, 3200 ಆಂಪಿಯರ್‌ನ ಏರ್ ಸರ್ಕ್ಯೂಟ್ ಬ್ರೇಕರ್‌ಗಳಿಗೆ, ಇದು ಸಾಲದಾಯಿತು. ಓವರ್‌ಲೋಡ್‌ಗೆ ಇಷ್ಟು ಹೊತ್ತು ಕಾಯಬೇಕು, ಶಾರ್ಟ್ ಸರ್ಕ್ಯೂಟ್ ದೂರದಲ್ಲಾದರೆ ಕೆಳಗಿನ ಬ್ರೇಕರ್ ಮೊದಲು ಬೀಳಲಿ ಎಂದು ಇಷ್ಟು ಮಿಲಿಸೆಕೆಂಡ್ ತಾಳಬೇಕು, ಕರೆಂಟ್ ನೆಲಕ್ಕೆ ಸೋರುವ ಅರ್ಥ್ ಫಾಲ್ಟ್‌ಗೆ ಬೇರೆ ಲೆಕ್ಕ. ಇದಕ್ಕೆಲ್ಲ ತಲೆ ಬೇಕು. ಎಲೆಕ್ಟ್ರಾನಿಕ್ ಟ್ರಿಪ್ ಯೂನಿಟ್ ಬಂದದ್ದು ಹೀಗೆ. ಬ್ರೇಕರ್‌ನ ಎದೆಯ ಮೇಲೆ ಪಾರದರ್ಶಕ ಮುಚ್ಚಳದ ಹಿಂದೆ ಕೂತಿರುವ, ನಾಲ್ಕಾರು ತಿರುಗುವ ಗುಬುಟುಗಳಿರುವ ಡಬ್ಬಿಯೇ ಅದು.

ಅದರ ಹೊಟ್ಟೆಯಲ್ಲಿ ಏನಿದೆ ಎಂದು ಒಂದು ಸಲ ನೋಡೋಣ. ಪ್ರತಿ ಫೇಸಿನ ಸುತ್ತ ಎರಡು ಸುರುಳಿಗಳು. ಒಂದು ಕಬ್ಬಿಣದ ತಿರುಳಿನ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್), ಅದರ ಕೆಲಸ ಡಬ್ಬಿಗೆ ಊಟ ಹಾಕುವುದು. ಇನ್ನೊಂದು ಕಬ್ಬಿಣವಿಲ್ಲದ ರೊಗೋವ್‌ಸ್ಕಿ ಕಾಯಿಲ್, ಅದರ ಕೆಲಸ ಅಳೆಯುವುದು. ಕಬ್ಬಿಣವಿಲ್ಲದ ಕಾರಣ ಎಷ್ಟೇ ದೊಡ್ಡ ಶಾರ್ಟ್ ಆದರೂ ಅದರ ಅಳತೆ ಸೊರಗುವುದಿಲ್ಲ. ಮಧ್ಯದಲ್ಲಿ ಮೈಕ್ರೊಪ್ರೊಸೆಸರ್. ಕೊನೆಯಲ್ಲಿ ಹೊಡೆಯುವ ಕೈ. ಈ ಕೈ ಬಹಳ ಜಾಣತನದ್ದು. ಒಂದು ಸ್ಪ್ರಿಂಗನ್ನು ಬಿಗಿದು ಶಾಶ್ವತ ಅಯಸ್ಕಾಂತದಿಂದ ಹಿಡಿದಿಟ್ಟಿರುತ್ತಾರೆ. ಪ್ರೊಸೆಸರ್ ಬೀಳಿಸಬೇಕೆಂದಾಗ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಪುಟ್ಟ ಹೊಡೆತವನ್ನು ಒಂದು ಸುರುಳಿಗೆ ಕೊಡುತ್ತದೆ. ಅದು ಅಯಸ್ಕಾಂತದ ಹಿಡಿತವನ್ನು ಕ್ಷಣಕಾಲ ಅಳಿಸುತ್ತದೆ. ಸ್ಪ್ರಿಂಗ್ ಬಿಡುಗಡೆಯಾಗಿ ಕಡ್ಡಿ ಮುಂದೆ ಚಿಮ್ಮಿ ಟ್ರಿಪ್ ಬಾರ್‌ಗೆ ಬಡಿಯುತ್ತದೆ. ಬಲವೆಲ್ಲ ಸ್ಪ್ರಿಂಗಿನದು, ಎಲೆಕ್ಟ್ರಾನಿಕ್ಸ್ ಮಾಡುವುದು ಬೀಗ ತೆಗೆಯುವ ಕೆಲಸವಷ್ಟೇ.

ಈಗ ಸ್ವಯಂ ನಿಗಾ. ಪ್ರೊಸೆಸರ್ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತಿರುತ್ತದೆ: ಅಳೆ, ಲೆಕ್ಕ ಹಾಕು, ಹೋಲಿಸು. ಪ್ರತಿ ಸುತ್ತಿನ ಕೊನೆಗೆ ಬೇರೊಂದು ಸಣ್ಣ ಸರ್ಕ್ಯೂಟ್‌ಗೆ "ಇದ್ದೇನೆ" ಎಂದು ಒಂದು ಪಲ್ಸ್ ಕಳುಹಿಸಬೇಕು. ಗೊತ್ತಾದ ಅವಧಿಯೊಳಗೆ ಪಲ್ಸ್ ಬರದಿದ್ದರೆ ಆ ಸರ್ಕ್ಯೂಟ್ ಪ್ರೊಸೆಸರನ್ನು ಹಿಡಿದು ಅಲುಗಿಸಿ ಮೊದಲಿನಿಂದ ಶುರು ಮಾಡಿಸುತ್ತದೆ. ಇದಕ್ಕೆ ವಾಚ್‌ಡಾಗ್ ಎನ್ನುತ್ತಾರೆ. ನನಗೆ ಈ ಹೆಸರು ಯಾವಾಗಲೂ ಅಡ್ಡಾದಿಡ್ಡಿ ಅನ್ನಿಸಿದೆ. ಕಳ್ಳ ಬಂದಾಗ ಬೊಗಳುವ ನಾಯಿ ಇದಲ್ಲ, ಯಜಮಾನ ತಲೆ ಸವರುವುದನ್ನು ಮರೆತಾಗ ಬೊಗಳುವ ನಾಯಿ. ನಮ್ಮ ಬೀದಿಗಳಲ್ಲಿ ರಾತ್ರಿ ಗೂರ್ಖಾ ಕೋಲು ಕುಟ್ಟುತ್ತಾ ಹೋಗುತ್ತಿದ್ದನಲ್ಲ, ಹೋಲಿಕೆಗೆ ಅವನೇ ಸರಿ. ಆ ಟಕ್ ಟಕ್ ಸದ್ದು ಕಳ್ಳನಿಗಾಗಿ ಅಲ್ಲ, ಮಲಗಿರುವ ನಮಗಾಗಿ. ಸದ್ದು ನಿಂತ ರಾತ್ರಿ ಯಾರಾದರೂ ಎದ್ದು ಹೋಗಿ ನೋಡಬೇಕು.

ದೊಡ್ಡ ರಿಲೇಗಳಲ್ಲಿ, ಅಂದರೆ ಲೈನನ್ನು ನೋಡುತ್ತಾ ಬ್ರೇಕರ್‌ಗೆ ಬೀಳು ಎಂದು ಹೇಳುವ ಬೇರೆ ಸಾಧನಗಳಲ್ಲಿ, ಈ ತತ್ತ್ವವನ್ನು ಒಂದು ಕಾಂಟ್ಯಾಕ್ಟ್‌ಗೆ ಕಟ್ಟಿರುತ್ತಾರೆ. ರಿಲೇ ಚೆನ್ನಾಗಿರುವವರೆಗೆ ಶಕ್ತಿ ಕೊಟ್ಟು ಆ ಕಾಂಟ್ಯಾಕ್ಟನ್ನು ಹಿಡಿದಿಟ್ಟುಕೊಂಡಿರುತ್ತದೆ. ಪ್ರೊಸೆಸರ್ ಕೆಟ್ಟರೂ, ಸಪ್ಲೈ ಹೋದರೂ, ಯಾರಾದರೂ ತಂತಿ ಕಿತ್ತರೂ ಹಿಡಿತ ಸಡಿಲಿ ಕಾಂಟ್ಯಾಕ್ಟ್ ಬೀಳುತ್ತದೆ, ಅಲಾರಂ ಹೊಡೆಯುತ್ತದೆ. "ನಾನು ಕೆಟ್ಟಿದ್ದೇನೆ" ಎಂದು ಕೂಗಲು ಕೆಟ್ಟವನಲ್ಲಿ ಶಕ್ತಿ ಇರಬೇಕಾಗಿಲ್ಲ, "ಚೆನ್ನಾಗಿದ್ದೇನೆ" ಎಂಬ ಕೂಗು ನಿಂತರೆ ಸಾಕು. ಇದು ಉಲ್ಟಾ ಆದಾಗ ಏನಾಗುತ್ತದೆ ಎಂಬುದಕ್ಕೆ 2003ರ ಆಗಸ್ಟ್ 14 ಇದೆ. ಅಮೆರಿಕದ ಒಹಾಯೊ ರಾಜ್ಯದ ಒಂದು ಕಂಟ್ರೋಲ್ ರೂಮಿನಲ್ಲಿ ಮಧ್ಯಾಹ್ನ 2.14ರ ಹೊತ್ತಿಗೆ ಅಲಾರಂ ತಂತ್ರಾಂಶ ಸ್ತಬ್ಧವಾಯಿತು. ತಾನು ಸ್ತಬ್ಧವಾದದ್ದನ್ನು ಅದು ಹೇಳಲಿಲ್ಲ. ಅಲಾರಂ ಬರದಿದ್ದುದನ್ನು ಆಪರೇಟರ್‌ಗಳು ಒಳ್ಳೆಯ ಸುದ್ದಿ ಎಂದುಕೊಂಡು ಕೂತರು. ಅಷ್ಟರಲ್ಲಿ ಒಂದೊಂದೇ ಲೈನ್ ಮರಗಳಿಗೆ ತಾಗಿ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನ ಕತ್ತಲಲ್ಲಿದ್ದರು.

ಟ್ರಿಪ್ ಯೂನಿಟ್ ತನ್ನಲ್ಲಿ ಇನ್ನೇನನ್ನು ನೋಡಿಕೊಳ್ಳುತ್ತದೆ? ನೆನಪಿನಲ್ಲಿ ಬರೆದಿಟ್ಟ ಪ್ರೋಗ್ರಾಂ ಅಕ್ಷರ ತಪ್ಪದೆ ಉಳಿದಿದೆಯೇ ಎಂದು ಕೂಡಿ ಲೆಕ್ಕ ಹಾಕಿ ಹಳೆಯ ಮೊತ್ತದೊಂದಿಗೆ ಹೋಲಿಸುತ್ತದೆ. ಅಂಗಡಿಯವರು ರಾತ್ರಿ ಗಲ್ಲಾ ಎಣಿಸಿದ ಹಾಗೆ. ಸುರುಳಿಯ ತಂತಿ ಕಳಚಿದೆಯೇ, ಬ್ರೇಕರ್‌ನ ಆಂಪಿಯರ್ ಮಿತಿ ಗೊತ್ತುಮಾಡುವ ರೇಟಿಂಗ್ ಪ್ಲಗ್ ಜಾಗದಲ್ಲಿದೆಯೇ, ಒಳಗಿನ ವೋಲ್ಟೇಜ್ ಸರಿ ಇದೆಯೇ, ಬೋರ್ಡ್ ಮಿತಿ ಮೀರಿ ಬಿಸಿಯಾಗಿದೆಯೇ ಎಂದು ನೋಡುತ್ತದೆ. ಹೊಡೆಯುವ ಸುರುಳಿಗೆ ಸಣ್ಣ ಕರೆಂಟ್ ಬಿಟ್ಟು ದಾರಿ ತುಂಡಾಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ. ಅದೇ ಬಿಳಿ ದೀಪದ ಮೊಮ್ಮಗ. ಎಲ್ಲ ಸರಿಯಿದ್ದರೆ ಹಸಿರು ಎಲ್‌ಇಡಿ ಮಿನುಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಭಾರಿ ಶಾರ್ಟ್‌ಗೆ ತಕ್ಷಣ ಬೀಳಿಸುವ ಭಾಗವನ್ನು ಪ್ರೊಸೆಸರ್‌ನಿಂದ ಬೇರೆಯಾದ ಸರ್ಕ್ಯೂಟ್‌ನಲ್ಲಿ ಇಟ್ಟಿರುತ್ತಾರೆ. ಮಿದುಳು ಕೈಕೊಟ್ಟರೂ ಬಿಸಿ ತಾಗಿದ ಕೈ ತಾನಾಗಿ ಹಿಂದೆ ಬರುತ್ತದಲ್ಲ, ಹಾಗೆ.

ಇಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: "ಸಾರ್, ಒಳಗೆ ತಪ್ಪು ಕಂಡರೆ ಬ್ರೇಕರ್ ತಾನೇ ಬಿದ್ದುಬಿಡಬಹುದಲ್ಲ? ಅದೇ ಸುರಕ್ಷಿತ ಅಲ್ಲವೇ?"

ಒಳ್ಳೆಯ ಪ್ರಶ್ನೆ, ಅದಕ್ಕೆ ಒಂದೇ ಉತ್ತರವಿಲ್ಲ. ರೈಲಿಗಾದರೆ ನಿಲ್ಲುವುದೇ ಸುರಕ್ಷಿತ. ಬ್ರೇಕರ್‌ಗೆ ಬೀಳುವುದು ಸುರಕ್ಷಿತವೇ ಎಂಬುದು ಅದರ ಹಿಂದೆ ಏನು ನೇತಾಡುತ್ತಿದೆ ಎಂಬುದರ ಮೇಲೆ ನಿಂತಿದೆ. ಆಪರೇಷನ್ ಥಿಯೇಟರಿನ ಫೀಡರ್ ಬಿದ್ದರೆ? ಉರಿಯುತ್ತಿರುವ ಬಾಯ್ಲರಿಗೆ ನೀರು ತಳ್ಳುವ ಪಂಪ್ ನಿಂತರೆ? ಒಂದು ಸೆನ್ಸರ್ ತಂತಿ ಸಡಿಲವಾದ ತಪ್ಪಿಗೆ ಬಾಯ್ಲರ್ ಟ್ಯೂಬ್‌ಗಳನ್ನು ದಂಡ ತೆರುವುದು ಯಾರಿಗೂ ಬೇಡ. ಬೀಳಬಾರದಾಗ ಬೀಳುವುದು, ಬೀಳಬೇಕಾದಾಗ ಬೀಳದಿರುವುದು, ಇವೆರಡೂ ತಪ್ಪೇ. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಹೆಚ್ಚುತ್ತದೆ. ಅದಕ್ಕೇ ಹಲವು ಯೂನಿಟ್‌ಗಳಲ್ಲಿ ಒಳಗಿನ ತಪ್ಪಿಗೆ ಅಲಾರಂ ಸಾಕೇ, ಟ್ರಿಪ್ ಬೇಕೇ ಎಂಬ ಆಯ್ಕೆಯನ್ನು ಬಳಸುವವರಿಗೇ ಬಿಟ್ಟಿರುತ್ತಾರೆ. ಆಯ್ಕೆ ಮಾಡಬೇಕಾದವರು ಆ ಪುಟವನ್ನೇ ತೆರೆದಿರುವುದಿಲ್ಲ ಎಂಬುದು ಬೇರೆ ಕಥೆ. ನನ್ನ ಅಭಿಪ್ರಾಯ ಕೇಳಿದರೆ, ಅಲಾರಂ ಎಂದು ಆರಿಸುವವರು ಆ ಅಲಾರಂನ ತಂತಿ ಯಾವ ಮನುಷ್ಯನ ಕಿವಿಯವರೆಗೆ ಹೋಗುತ್ತದೆ ಎಂದು ನಡೆದು ನೋಡಿಕೊಂಡು ಬರಬೇಕು. ಬಹಳ ಕಡೆ ಅದು ಟರ್ಮಿನಲ್ ಬ್ಲಾಕಿನಲ್ಲೇ ಕೊನೆಯಾಗಿರುತ್ತದೆ.

ಒಂದು ಸಕ್ಕರೆ ಕಾರ್ಖಾನೆಗೆ ಪರೀಕ್ಷೆಗೆಂದು ಹೋಗಿದ್ದೆ. ಹೆಸರು ಬೇಡ. ಕಬ್ಬು ಅರೆಯುವ ಹಂಗಾಮು ಮುಗಿದಿತ್ತು, ಪ್ಯಾನೆಲ್ ಕೋಣೆಯ ಮೂಲೆಗಳಲ್ಲಿ ಕಬ್ಬಿನ ಸಿಪ್ಪೆಯ ಪುಡಿ ಇನ್ನೂ ಕೂತಿತ್ತು. ಸಾಲಾಗಿ ಏಳು ಬ್ರೇಕರ್‌ಗಳು. ನಾಲ್ಕರಲ್ಲಿ ಹಸಿರು ಮಿನುಗುತ್ತಿತ್ತು, ಎರಡು ಪೂರ್ತಿ ಕಪ್ಪು. ಏಳನೆಯದರ ಮೇಲೆ, ದೀಪ ಇರಬೇಕಾದ ಜಾಗದಲ್ಲಿ, ಚೌಕಾಕಾರವಾಗಿ ನೀಟಾಗಿ ಕತ್ತರಿಸಿದ ಕರಿ ಇನ್ಸುಲೇಷನ್ ಟೇಪು.

"ಇದೇನಪ್ಪ?" ಎಂದೆ.

"ಅದು ಯಾವಾಗಲೂ ಕೆಂಪಗೆ ಮಿನುಗುತ್ತಿರುತ್ತದೆ ಸಾರ್. ದೊಡ್ಡ ಸಾಹೇಬರು ರೌಂಡ್ಸ್ ಬಂದಾಗಲೆಲ್ಲ ಕೇಳುತ್ತಿದ್ದರು" ಎಂದ ಎಲೆಕ್ಟ್ರಿಷಿಯನ್.

ಟೇಪ್ ತೆಗೆದೆವು. ಕೆಂಪು ಮಿನುಗುತ್ತಲೇ ಇತ್ತು. ಒಂದು ಫೇಸಿನ ಸೆನ್ಸರ್‌ನ ಕನೆಕ್ಟರ್ ಕಂಪನಕ್ಕೆ ಹಿಂದೆ ಸರಿದಿತ್ತು. ಯೂನಿಟ್ ತನ್ನ ಕರ್ತವ್ಯವನ್ನು ಸರಿಯಾಗಿಯೇ ಮಾಡಿತ್ತು. ಇಡೀ ಹಂಗಾಮು ಟೇಪಿನ ಹಿಂದಿನಿಂದ ಒಂದೇ ಮಾತನ್ನು ಹೇಳುತ್ತಿತ್ತು. ಆ ಹುಡುಗನನ್ನು ನಾನು ಬಯ್ಯಲಿಲ್ಲ. ದೀಪದ ಅರ್ಥವೇನೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪ್ರಶ್ನೆ ಮಾತ್ರ ಅವನನ್ನೇ ಕೇಳುತ್ತಿದ್ದರು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಎರಡು ಕಪ್ಪು ಯೂನಿಟ್‌ಗಳು. ಹಂಗಾಮು ಇಲ್ಲ, ಲೋಡ್ ಇಲ್ಲ. ಸ್ವಂತ ಸಿ.ಟಿ.ಯಿಂದ ಉಣ್ಣುವ ಯೂನಿಟ್‌ಗೆ ಸಾಮಾನ್ಯವಾಗಿ ರೇಟಿಂಗಿನ ಶೇ. 20ರ ಆಸುಪಾಸು ಕರೆಂಟ್ ಹರಿದರೆ ಮಾತ್ರ ಎಚ್ಚರವಾಗಲು ಬೇಕಾದಷ್ಟು ಊಟ ಸಿಗುತ್ತದೆ. ಅದಕ್ಕಿಂತ ಕಡಿಮೆಯಾದರೆ ನಿದ್ದೆ. ನಿದ್ದೆಯಲ್ಲಿದ್ದರೂ ರಕ್ಷಣೆ ತಪ್ಪುವುದಿಲ್ಲ, ಶಾರ್ಟ್ ಆದ ಕರೆಂಟೇ ಅದನ್ನು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಎಬ್ಬಿಸಿ ಕೆಲಸ ಮಾಡಿಸುತ್ತದೆ. ವಿನ್ಯಾಸವೇ ಹಾಗಿದೆ. ತಪ್ಪುವುದು ನಿಗಾ. ನಿದ್ದೆಯಲ್ಲಿರುವವನು ತನ್ನ ನಾಡಿ ಹಿಡಿದು ನೋಡಿಕೊಳ್ಳಲಾರ. ಆ ಎರಡರಲ್ಲಿ ಒಂದು ಲೋಡ್ ಇಲ್ಲದೆ ಮಲಗಿತ್ತು. ಇನ್ನೊಂದರ ಬೋರ್ಡ್ ಸತ್ತೇಹೋಗಿತ್ತು. ಎರಡೂ ಒಂದೇ ರೀತಿ ಕಪ್ಪಾಗಿದ್ದವು. ನಾನು ಮೊದಲು ಹೇಳಿದ ಎರಡು ಮೌನಗಳು ಅಲ್ಲಿ ಅಕ್ಕಪಕ್ಕ ಕೂತಿದ್ದವು. ಟೆಸ್ಟ್ ಕಿಟ್ ಹಚ್ಚುವವರೆಗೆ ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ. ಹೊರಗಿನಿಂದ 24 ವೋಲ್ಟ್ ಡಿಸಿ ಕೊಟ್ಟರೆ ಯೂನಿಟ್ ಲೋಡ್ ಇಲ್ಲದಿದ್ದರೂ ಎಚ್ಚರವಾಗಿರುತ್ತದೆ. ಪ್ಯಾನೆಲ್ ಕಟ್ಟುವಾಗ ಆ ಪುಟ್ಟ ಪವರ್ ಸಪ್ಲೈಯನ್ನು ದುಡ್ಡು ಉಳಿಸಲು ಬಿಡುತ್ತಾರೆ. ಗುತ್ತಿಗೆದಾರರು ಇಲ್ಲಿದ್ದೀರಿ, ನಾನು ಯಾರ ಮುಖವನ್ನೂ ನೋಡುತ್ತಿಲ್ಲ.

ಬ್ರೇಕರ್ ಬಿದ್ದ ಮೇಲಿನ ಪತ್ತೇದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ. ಓವರ್‌ಲೋಡೇ, ಶಾರ್ಟೇ, ಅರ್ಥ್ ಫಾಲ್ಟೇ ಎಂದು ಬೇರೆ ಬೇರೆ ಎಲ್‌ಇಡಿ ಹೇಳುತ್ತದೆ, ಯಾವ ಫೇಸಿನಲ್ಲಿ ಎಷ್ಟು ಆಂಪಿಯರ್ ಕಡಿಯಿತು ಎಂದು ಲಾಗ್ ಹೇಳುತ್ತದೆ. ಬಿದ್ದ ಬ್ರೇಕರನ್ನು ಹಿಂದೆ ಮುಂದೆ ನೋಡದೆ ಎತ್ತುವ ಕೈಗಳಿಗೆ ಇದರಿಂದ ಸ್ವಲ್ಪ ತಡೆ ಬಂದಿದೆ. ಒಂದೇ ಎಚ್ಚರಿಕೆ: ಬಿದ್ದ ಮೇಲೆ ಸಿ.ಟಿ.ಯಿಂದ ಊಟವಿಲ್ಲ, ಆ ಎಲ್‌ಇಡಿ ಉರಿಯುವುದು ಒಳಗಿನ ಸಣ್ಣ ಬ್ಯಾಟರಿಯಿಂದ. ಪ್ಯಾನೆಲ್ ಹಾಕಿದ ವರ್ಷದಿಂದ ಅದನ್ನು ಯಾರೂ ಬದಲಾಯಿಸಿಲ್ಲವಾದರೆ, ಬೇಕಾದ ದಿನ ಅದು ಉರಿಯುವುದಿಲ್ಲ. ಕಾಂಟ್ಯಾಕ್ಟ್ ಶೇ. ಇಷ್ಟು ಸವೆದಿದೆ ಎಂದು ಪರದೆಯಲ್ಲಿ ಬರುವ ಅಂಕಿಯೂ ಅಷ್ಟೇ. ಎಷ್ಟು ಸಲ, ಎಷ್ಟು ಕರೆಂಟ್ ಕಡಿಯಿತು ಎಂಬ ಲೆಕ್ಕದಿಂದ ಹುಟ್ಟಿದ ಅಂದಾಜು ಅದು. ಕಿಲೋಮೀಟರ್ ನೋಡಿ ಟೈರ್ ಎಷ್ಟು ಸವೆದಿದೆ ಎಂದು ಹೇಳಿದ ಹಾಗೆ. ಕಿಡಿ ಆರಿಸುವ ಆರ್ಕ್ ಚ್ಯೂಟ್ ಬಿಚ್ಚಿ ಕಣ್ಣಿಂದ ನೋಡುವುದಕ್ಕೆ ಬದಲಿ ಅಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಗ್ರೀಸು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ, ಟ್ರಿಪ್ ಯೂನಿಟ್‌ಗೆ ಕಾಣದ ಬೆನ್ನು ಎಂದರೆ ಕಡ್ಡಿಯಿಂದ ಲ್ಯಾಚಿನವರೆಗಿನ ನಾಲ್ಕು ಬೆರಳು ದೂರ. ಅಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ. ಪಿನ್ನು, ರೋಲರ್, ಸ್ಪ್ರಿಂಗ್, ಅವುಗಳ ನಡುವೆ ಗ್ರೀಸು. ಕಾರ್ಖಾನೆಯಿಂದ ಬಂದಾಗ ಬೆಣ್ಣೆಯಂತಿದ್ದ ಗ್ರೀಸು ಬಿಸಿಲು, ಧೂಳು, ವರ್ಷಗಳ ಕೈಯಲ್ಲಿ ಒಣಗಿ ಹಲಸಿನ ಅಂಟಿನಂತಾಗುತ್ತದೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ನಾವು ಸಿ.ಪಿ.ಆರ್.ಐ. ಎನ್ನುವುದು, 1960ರಲ್ಲಿ ಶುರುವಾದದ್ದು. ಅಲ್ಲಿ ಬ್ರೇಕರ್‌ಗೆ ನಿಜವಾದ ಶಾರ್ಟ್ ಸರ್ಕ್ಯೂಟ್ ಕೊಟ್ಟು ಪರೀಕ್ಷಿಸುತ್ತಾರೆ. ಪ್ರಮಾಣಪತ್ರಕ್ಕೆ ಬೆಲೆ ಇದೆ. ಆದರೆ ಪರೀಕ್ಷೆಗೆ ಹೋದದ್ದು ಹೊಸ ಬ್ರೇಕರ್, ಹೊಸ ಗ್ರೀಸು. ನಿಮ್ಮ ಪ್ಯಾನೆಲ್‌ನಲ್ಲಿರುವುದು ಹದಿನೈದು ಬೇಸಿಗೆ ಕಂಡ ಅದರ ತಮ್ಮ.

ಹೈ ವೋಲ್ಟೇಜ್ ಬ್ರೇಕರ್‌ಗಳಲ್ಲಿ ಈ ಗ್ರೀಸಿನ ಮಾತನ್ನು ಕೇಳಿಸಿಕೊಳ್ಳುವ ಒಂದು ಉಪಾಯವಿದೆ. ಟ್ರಿಪ್ ಕಾಯಿಲ್‌ಗೆ ಡಿಸಿ ಕೊಟ್ಟಾಗ ಕರೆಂಟ್ ಒಮ್ಮೆಗೇ ಏರುವುದಿಲ್ಲ, ದಿಣ್ಣೆ ಹತ್ತಿದಂತೆ ಬಾಗುತ್ತಾ ಏರುತ್ತದೆ. ಒಳಗಿನ ಕಬ್ಬಿಣದ ಕಡ್ಡಿ ಚಲಿಸತೊಡಗಿದಾಗ ಆ ಚಲನೆಯೇ ಕಾಯಿಲ್‌ನಲ್ಲಿ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಕರೆಂಟ್ ಚೂರು ತಗ್ಗುತ್ತದೆ. ಕಡ್ಡಿ ಓಡಿ ನಿಂತ ಮೇಲೆ ಮತ್ತೆ ಏರುತ್ತದೆ. ಬ್ರೇಕರ್ ತೆರೆದ ನಂತರ, ಅದರ ಜೊತೆಗೇ ಚಲಿಸುವ ಆಕ್ಸಿಲಿಯರಿ ಕಾಂಟ್ಯಾಕ್ಟ್ ದಾರಿ ಕಡಿದು ಅದನ್ನು ಸೊನ್ನೆಗೆ ಇಳಿಸುತ್ತದೆ. ಎಲ್ಲ ಸೇರಿ ನೂರು ಮಿಲಿಸೆಕೆಂಡಿನೊಳಗಿನ ವ್ಯವಹಾರ. ಇದನ್ನು ಕಾಗದದ ಮೇಲೆ ಗೆರೆ ಮಾಡಿ ನೋಡಿದರೆ ಎರಡು ಗುಡ್ಡ, ನಡುವೆ ಒಂದು ಕಣಿವೆ. ಕಣಿವೆ ಇರಬೇಕಾದ ಜಾಗದಲ್ಲಿದ್ದರೆ ಕಡ್ಡಿ ಸಲೀಸಾಗಿ ಹೊರಟಿದೆ. ಬಲಕ್ಕೆ ಸರಿದಿದ್ದರೆ ತಡವಾಗಿ ಹೊರಟಿದೆ, ಎಲ್ಲೋ ಅಂಟಿದೆ. ಕಣಿವೆಯೇ ಇಲ್ಲದಿದ್ದರೆ ಕಡ್ಡಿ ಹೊರಟೇ ಇಲ್ಲ. ಡಾಕ್ಟರು ಇಸಿಜಿಯಲ್ಲಿ ನೋಡುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಆದರೆ ಒಂದು ಮೋಸವಿದೆ. ಅಂಟಿದ ಗ್ರೀಸು ಮೊದಲ ಸಲಕ್ಕೆ ಮಾತ್ರ ತಡೆಯುತ್ತದೆ. ಒಮ್ಮೆ ಬಿಡಿಸಿಕೊಂಡು ಹೊರಟಿತೆಂದರೆ ಎರಡನೆಯ, ಮೂರನೆಯ ಸಲ ಹೊಸ ಬ್ರೇಕರಿನಂತೆ ಹಾರುತ್ತದೆ. ನಾವು ಪರೀಕ್ಷೆ ಮಾಡುವ ಕ್ರಮ ನೋಡಿ: ಲೈನ್ ಕ್ಲಿಯರ್ (ಕೆಲಸಕ್ಕೆ ಅನುಮತಿ) ತೆಗೆದುಕೊಳ್ಳುತ್ತೇವೆ, ಬ್ರೇಕರ್ ಆಫ್ ಮಾಡುತ್ತೇವೆ, ಐಸೊಲೇಟರ್ ತೆಗೆಯುತ್ತೇವೆ, ಅರ್ಥ್ ಮಾಡುತ್ತೇವೆ, ಆಮೇಲೆ ಉಪಕರಣ ಹಚ್ಚುತ್ತೇವೆ. ಅಷ್ಟೂ ವರ್ಷ ಕಾದು ಕೂತಿದ್ದ ಮೊದಲ ಹೊಡೆತ ಆಫ್ ಮಾಡಿದಾಗಲೇ ಮುಗಿದುಹೋಯಿತು. ಸಾಕ್ಷಿಯನ್ನು ತೊಳೆದು, ಒರೆಸಿ, ಆಮೇಲೆ ಪಂಚನಾಮೆಗೆ ಕೂರುತ್ತೇವೆ. ನನ್ನ ಹಳೆಯ ರಿಪೋರ್ಟ್‌ಗಳಲ್ಲಿ "ಟೈಮಿಂಗ್ ಸಮರ್ಪಕವಾಗಿದೆ" ಎಂದು ಬರೆದದ್ದರಲ್ಲಿ ಎಷ್ಟು ಇಂಥವೋ ಎಂದು ಈಗಲೂ ಕೆಲವೊಮ್ಮೆ ಯೋಚನೆಯಾಗುತ್ತದೆ. ಮೊದಲ ಹೊಡೆತವನ್ನೇ ಹಿಡಿಯಬೇಕೆಂದರೆ ಬ್ರೇಕರ್ ಸೇವೆಯಲ್ಲಿರುವಾಗಲೇ ಕಾಯಿಲ್‌ನ ತಂತಿಗೆ ಕ್ಲಾಂಪ್ ಹಚ್ಚಿ, ಆಮೇಲೆ ಆಫ್ ಮಾಡಬೇಕು. ಇಲ್ಲವೇ ಪ್ರತಿ ಸಲವೂ ಗೆರೆಯನ್ನು ಬರೆದಿಟ್ಟುಕೊಳ್ಳುವ ಮಾನಿಟರ್ ಒಳಗೇ ಇರಬೇಕು. ಹೊಸ ರಿಲೇಗಳಲ್ಲಿ ಹಲವು ಇದನ್ನು ಮಾಡುತ್ತವೆ. ಯಂತ್ರಭಾಗದ ಸದ್ದು ಎಲೆಕ್ಟ್ರಾನಿಕ್ಸ್‌ಗೆ ಕೇಳುತ್ತದೆ ನಿಜ, ಆದರೆ ಯಂತ್ರ ಅಲುಗಾಡಿದಾಗ ಮಾತ್ರ ಕೇಳುತ್ತದೆ.

ಅಮೆರಿಕದ ವಿದ್ಯುತ್ ಜಾಲದ ರಕ್ಷಣಾ ವ್ಯವಸ್ಥೆಯ ನಿರ್ವಹಣೆಗೆ ಪಿಆರ್‌ಸಿ-005 ಎಂಬ ಮಾನದಂಡವಿದೆ. ಅದರಲ್ಲಿ ನಿಗಾ ಇಲ್ಲದ ರಿಲೇಯನ್ನು ಗರಿಷ್ಠ 6 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ತನ್ನನ್ನು ತಾನೇ ನೋಡಿಕೊಂಡು ಅಲಾರಂ ಕೊಡುವ ಮೈಕ್ರೊಪ್ರೊಸೆಸರ್ ರಿಲೇಗೆ 12 ವರ್ಷ. ಸ್ವಯಂ ನಿಗಾಕ್ಕೆ ಆರು ವರ್ಷದ ರಿಯಾಯಿತಿ ಸಿಕ್ಕಿತು. ಆದರೆ ಟ್ರಿಪ್ ಕಾಯಿಲ್ ನಿಜವಾಗಿ ಬ್ರೇಕರನ್ನು ಬೀಳಿಸುತ್ತದೆಯೇ ಎಂದು ನೋಡುವುದಕ್ಕೆ, ಆ ಸರ್ಕ್ಯೂಟ್‌ಗೆ ಎಂಥ ನಿಗಾ ಇದ್ದರೂ ಸರಿ, 6 ವರ್ಷವೇ. ಒಂದು ದಿನದ ರಿಯಾಯಿತಿಯೂ ಇಲ್ಲ. ಆ ಕೋಷ್ಟಕ ಬರೆದವರು ಗ್ರೀಸು ಒರೆಸಿ ಬಲ್ಲವರು ಎಂದು ಓದಿದಾಗಲೇ ಅನ್ನಿಸಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಗುತ್ತಿಗೆದಾರರೊಬ್ಬರು ಸೆಟ್ಟಿಂಗ್ ಬಗ್ಗೆ ಕೇಳಿದರು. ಯಾರೋ ಮೋಟರ್ ಶುರುವಾಗುವಾಗ ಬ್ರೇಕರ್ ಬೀಳುತ್ತದೆಂದು ಗುಬುಟು ತಿರುಗಿಸಿ ಎತ್ತರಕ್ಕೆ ಇಟ್ಟುಬಿಟ್ಟರೆ ಯೂನಿಟ್ ಹೇಳುತ್ತದೆಯೇ ಎಂದು. ಇಲ್ಲ. ಕೊಟ್ಟ ಸಂಖ್ಯೆಯನ್ನು ಸರಿಯಾಗಿ ಓದಿದ್ದೇನೆಯೇ ಎಂದು ಅದು ನೋಡುತ್ತದೆ, ಕೊಟ್ಟದ್ದು ಸರಿಯಾದ ಸಂಖ್ಯೆಯೇ ಎಂದು ಕೇಳುವುದಿಲ್ಲ. 2012ರ ಜುಲೈ 30ರ ನಸುಕಿನ 2.33ಕ್ಕೆ ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಲೈನ್ ಬಿದ್ದು ಉತ್ತರ ಭಾರತದ ಜಾಲ ಕುಸಿಯಿತಲ್ಲ, ಅಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿರಲಿಲ್ಲ. ಲೈನ್ ಹೊತ್ತಿದ್ದ ಭಾರವೇ ದೂರದ ದೋಷದಂತೆ ರಿಲೇಯ ಮೂರನೆಯ ವಲಯಕ್ಕೆ, ಅಂದರೆ ಬಹು ದೂರದವರೆಗೆ ನೋಡುವ ಸೆಟ್ಟಿಂಗಿಗೆ, ಕಂಡಿತು. ರಿಲೇ ಕೆಟ್ಟಿರಲಿಲ್ಲ, ಅದು ಹೇಳಿದಂತೆ ನಡೆದುಕೊಂಡಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಬಿದ್ದು ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ನಮಗೆ ಏನೂ ಆಗಲಿಲ್ಲ. ನಾವು ಜಾಣರಾಗಿದ್ದಕ್ಕಲ್ಲ, ಆಗ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಡಿಸಿ ಕೊಂಡಿಗಳಿಂದ ಮಾತ್ರ ಸೇರಿತ್ತು. ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಮೂಲಕ ನಾವು ಒಂದೇ ತಾಳಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು.

ಹಾಗಾಗಿ ಟೆಸ್ಟ್ ಕಿಟ್ ಹಿಡಿದು ಹೋಗುವವರಿಗೆ ಕೆಲಸ ತಪ್ಪಿಲ್ಲ. ಯೂನಿಟ್‌ನ ಟೆಸ್ಟ್ ಕಿಂಡಿಗೆ ಕಿಟ್ ಚುಚ್ಚಿ ಸುಳ್ಳು ಸಂಕೇತ ಕೊಡುವ ಸೆಕೆಂಡರಿ ಇಂಜೆಕ್ಷನ್ ಸುಲಭ, ಆದರೆ ಅದು ಸೆನ್ಸರನ್ನು ದಾಟಿ ಒಳಗೆ ಹೋಗುತ್ತದೆ. ಕರೆಂಟ್ ಹೊರುವ ಲೋಹದ ಪಟ್ಟಿಯಾದ ಬಸ್‌ಬಾರಿಗೇ ಕಡಿಮೆ ವೋಲ್ಟೇಜಿನಲ್ಲಿ ಸಾವಿರಾರು ಆಂಪಿಯರ್ ಹರಿಸುವ ಪ್ರೈಮರಿ ಇಂಜೆಕ್ಷನ್ ಸೆನ್ಸರ್‌ನಿಂದ ಕಾಂಟ್ಯಾಕ್ಟಿನವರೆಗೆ ಎಲ್ಲವನ್ನೂ ಒಂದೇ ಸಲ ಕೇಳುತ್ತದೆ. ಉಪಕರಣ ಭಾರ, ಹೊರಲು ಇಬ್ಬರು ಬೇಕು. ಹೊರಿ.

ಕೊನೆಗೆ ಶಾಲಾ ಶಿಕ್ಷಕಿಯೊಬ್ಬರು, ಮಗನನ್ನು ಕರೆದುಕೊಂಡು ಬಂದವರು, ಕೇಳಿದರು: "ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇದೆ. ಅದೂ ತನ್ನನ್ನು ತಾನೇ ನೋಡಿಕೊಳ್ಳುತ್ತದೆಯೇ?" ಆರ್‌ಸಿಸಿಬಿ ಎಂದರೆ ಕರೆಂಟ್ ಮೈಗೋ ನೆಲಕ್ಕೋ ಸೋರಿದರೆ ಬೀಳುವ ಬ್ರೇಕರ್. ಅಮೆರಿಕದಲ್ಲಿ ಜಿಎಫ್‌ಸಿಐ ಎಂಬ ಇದೇ ಜಾತಿಯ ಸಾಧನಕ್ಕೆ 2015ರ ಜೂನ್ 29ರಿಂದ ತನ್ನನ್ನು ತಾನೇ ಆಗಾಗ ಪರೀಕ್ಷಿಸಿಕೊಳ್ಳುವ ಗುಣ ಕಡ್ಡಾಯವಾಗಿದೆ ಎಂದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯಲ್ಲಿ ನಿಗಾ ಎಂದರೆ "ಟಿ" ಎಂದು ಬರೆದ ಗುಂಡಿ, ಮತ್ತು ನಿಮ್ಮ ಬೆರಳು. ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಒಳಗಿನ ರಿಲೇಯ ಕಡ್ಡಿ ಒಮ್ಮೆ ಅಲುಗಾಡುತ್ತದೆ, ಅಂಟಿಕೊಳ್ಳುವುದೂ ತಪ್ಪುತ್ತದೆ.

"ಈ ಸಭಾಂಗಣದ್ದನ್ನು ಒತ್ತಿ ನೋಡೋಣವೇ?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಂಘಟಕರು ನಗುತ್ತಾ ಒಪ್ಪಿದರು. ವೇದಿಕೆಯ ಪಕ್ಕದ ಗೋಡೆಯಲ್ಲೇ ಬೋರ್ಡ್ ಇತ್ತು. ಬಾಗಿಲು ತೆರೆದರೆ ಗೋಡೆಗೆ ಬಳಿದ ಕೆನೆ ಬಣ್ಣ ಆರ್‌ಸಿಸಿಬಿಯ ಮೇಲೂ ಒಂದು ಪದರ ಕೂತಿತ್ತು, ಟೆಸ್ಟ್ ಗುಂಡಿಯ ಅಂಚೆಲ್ಲ ಮುಚ್ಚಿಹೋಗಿತ್ತು. ಐದು ರೂಪಾಯಿಯ ನಾಣ್ಯದಿಂದ ಕೆರೆದೆವು. ಮೊದಲು ಕೇಳಿದ ವಿದ್ಯಾರ್ಥಿಯನ್ನೇ ಕರೆದು ಒತ್ತು ಎಂದೆ. ಒತ್ತಿದ. ಫ್ಯಾನುಗಳು ತಿರುಗುತ್ತಲೇ ಇದ್ದವು. ಸಭೆ ನಕ್ಕಿತು. ಇನ್ನೊಮ್ಮೆ ಒತ್ತು ಎಂದೆ. ಖಟ್ ಎಂದು ಬಿತ್ತು. ದೀಪ ಹೋಯಿತು, ಮೈಕೂ ಹೋಯಿತು.

"ಸಾರ್, ಹಾಗಾದರೆ ಇದು ಪಾಸೋ ಫೇಲೋ?" ಎಂದು ಕತ್ತಲಲ್ಲಿ ಹುಡುಗ ಕೇಳಿದ.

"ನಾಳೆಯೇ ಬದಲಾಯಿಸಲು ಹೇಳು" ಎಂದೆ. ಮೈಕ್ ಇಲ್ಲದ ಕಾರಣ ಅದು ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.